ಮೂರನೇ ಕಾಲಂ ಅಳಿಸಿದವನು ನಾನು: ಪಠ್ಯಕ್ರಮ ಮಂಡಳಿಗೆ, ಪ್ರಾಜೆಕ್ಟ್ ಗೈಡ್‌ಗಳಿಗೆ ಒಂದು ಬಹಿರಂಗ ಪತ್ರ

ಎಂಜಿನಿಯರಿಂಗ್ ಪಠ್ಯಕ್ರಮ ಮಂಡಳಿಯ ಮಾನ್ಯ ಸದಸ್ಯರಿಗೆ, ಹಾಗೂ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಗೈಡ್ ಆಗಿರುವ ಎಲ್ಲ ಮೇಷ್ಟ್ರು, ಮೇಡಂಗಳಿಗೆ,

ನಮಸ್ಕಾರ.

ನಾನೂ ನಿಮ್ಮಂತೆ ಒಬ್ಬ ಮೇಷ್ಟ್ರು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿದ್ದೇನೆ. ನ್ಯಾಚುರಲ್ ಲ್ಯಾಂಗ್ವೇಜ್ ಪ್ರೊಸೆಸಿಂಗ್, ಅಂದರೆ ಕಂಪ್ಯೂಟರಿಗೆ ಮನುಷ್ಯರ ಮಾತು ಕಲಿಸುವ ವಿಷಯ, ಪಾಠ ಮಾಡುತ್ತೇನೆ. ವರ್ಷಕ್ಕೆ ನಾಲ್ಕೈದು ತಂಡಗಳಿಗೆ ಗೈಡ್ ಆಗುತ್ತೇನೆ. ಇದನ್ನು ದೂರು ಅಂತ ಓದುವುದಾದರೆ, ಮೊದಲ ದೂರು ನನ್ನ ಮೇಲೇ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಮೂವರ ಒಂದು ತಂಡ ಬಂತು. "ಸರ್, ಕನ್ನಡದಲ್ಲಿ ಬೈಗುಳದ ಕಾಮೆಂಟ್ ಹಿಡಿಯೋ ಮಾಡೆಲ್ ಮಾಡ್ತೀವಿ" ಅಂದರು. ಮಾಡೆಲ್ ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ. ಒಳ್ಳೆ ವಿಷಯ, ಒಪ್ಪಿದೆ. ಸುದ್ದಿ ವಿಡಿಯೊಗಳ ಕೆಳಗಿನ ಕಾಮೆಂಟುಗಳನ್ನು ಕೋಡ್ ಬರೆದು ಎಳೆದುಕೊಂಡರು. ನಾಲ್ಕು ಸಾವಿರದ ಹತ್ತಿರ ಆಯ್ತು. ಅರ್ಧ ಕನ್ನಡ ಲಿಪಿಯದ್ದು, ಇನ್ನರ್ಧ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಎಕ್ಸೆಲ್ ಶೀಟಿನಲ್ಲಿ ಮೂರು ಕಾಲಂ ಮಾಡಿದೆವು. ಮೂವರೂ ಒಬ್ಬರದ್ದು ಒಬ್ಬರು ನೋಡದೆ, ಪ್ರತಿ ಕಾಮೆಂಟಿಗೂ 1 ಅಥವಾ 0 ಹಾಕಬೇಕು. 1 ಅಂದರೆ ಬೈಗುಳ, 0 ಅಂದರೆ ಅಲ್ಲ. ಹೀಗೆ ಗುರುತು ಹಾಕುವುದಕ್ಕೇ ಲೇಬಲ್ ಹಾಕುವುದು ಅನ್ನುತ್ತೇವೆ.

ಮೂರನೇ ಕಾಲಂ ಒಬ್ಬ ಹುಡುಗಿಯದ್ದು. ನಮ್ಮ ಕಡೆ ಒಂದು ಜಾತಿಯ ಹೆಸರನ್ನೇ 'ಕೊಳಕು', 'ಕೆಲಸಕ್ಕೆ ಬಾರದ್ದು' ಅನ್ನುವ ಅರ್ಥದಲ್ಲಿ ಆಡುವ ರೂಢಿ ಇದೆ. ನಿಮಗೆ ಗೊತ್ತಿರುತ್ತದೆ. ಆ ಪದ ಇದ್ದ ಪ್ರತಿ ಸಾಲಿಗೂ ಅವಳು 1 ಹಾಕಿದ್ದಳು. ಹುಡುಗರಿಬ್ಬರೂ ಸುಮಾರು ಕಡೆ 0 ಹಾಕಿದ್ದರು. "ತಮಾಷೆಗೆ ಅಂದಿರೋದು ಸರ್, ಊರಲ್ಲಿ ಎಲ್ಲರೂ ಹಂಗೇ ಮಾತಾಡ್ತಾರೆ" ಅಂದರು. ಅವರು ಕೆಟ್ಟ ಹುಡುಗರೇನಲ್ಲ.

ಲೇಬಲ್ ಹಾಕಿದವರ ನಡುವೆ ಎಷ್ಟು ಒಮ್ಮತ ಇದೆ ಅಂತ ಅಳೆಯಲು ಕಪ್ಪಾ ಅನ್ನುವ ಲೆಕ್ಕ ಇದೆ. ಇಬ್ಬರಿದ್ದರೆ 1960ರಲ್ಲಿ ಕೊಹೆನ್ ಕೊಟ್ಟ ಸೂತ್ರ, ಮೂವರಿದ್ದರೆ 1971ರ ಫ್ಲೈಸ್ ಸೂತ್ರ. 0.61 ದಾಟಿದರೆ ಒಪ್ಪಿಗೆ ಚೆನ್ನಾಗಿದೆ ಅನ್ನುವ ಒಂದು ಪಟ್ಟಿಯನ್ನು 1977ರಿಂದ ಎಲ್ಲರೂ ಬಳಸುತ್ತಾರೆ. ನಮ್ಮದು ದಾಟಲಿಲ್ಲ. ನಾನು ಏನು ಮಾಡಿದೆ? ಯಾರಿಂದ ಒಪ್ಪಿಗೆ ಕಡಿಮೆಯಾಗುತ್ತಿದೆ ಅಂತ ನೋಡಿದೆ. ಮೂರನೇ ಕಾಲಂ. "ಇವಳ ಲೇಬಲ್ ಉಳಿದವರಿಗೆ ಹೊಂದುತ್ತಿಲ್ಲ, ತೆಗೆಯಿರಿ. ಇಬ್ಬರದ್ದು ಇಟ್ಟುಕೊಳ್ಳಿ. ಎಲ್ಲಿ ಭಿನ್ನ ಬರುತ್ತೋ ಅಲ್ಲಿ ನಾನು ತೀರ್ಮಾನ ಮಾಡ್ತೀನಿ" ಅಂದೆ. ಕಪ್ಪಾ ಜಿಗಿಯಿತು. ಹೊರಗಿನಿಂದ ಬಂದ ಎಕ್ಸ್‌ಟರ್ನಲ್ ಪರೀಕ್ಷಕರು ಖುಷಿಪಟ್ಟರು. ತಂಡಕ್ಕೆ ಒಳ್ಳೆ ಮಾರ್ಕ್ಸ್ ಬಂತು, ಅವಳಿಗೂ.

ಆ ಪದ ನನ್ನ ಜಾತಿಯದ್ದಲ್ಲ. ನನಗೆ ಅದು ಯಾವತ್ತೂ ಚುಚ್ಚಿರಲಿಲ್ಲ. ಅದು ಯಾರದ್ದೋ ಅವರೊಬ್ಬರನ್ನು ಲೆಕ್ಕದಿಂದ ತೆಗೆದು, ಚುಚ್ಚದ ಮೂವರು ಕೂತು ಇದು ಚುಚ್ಚುವುದಿಲ್ಲ ಅಂತ ಬರೆದೆವು. ಆಮೇಲೆ ಅದನ್ನೇ ಮಾಡೆಲ್ಲಿಗೆ ಕಲಿಸಿದೆವು. ಶಾಲೆಯಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ನಡೆಯುವುದು ಇದೇ ಅಲ್ವಾ? ನಾವು ಅದಕ್ಕೆ ಒಂದು ಸೂತ್ರ ಹಚ್ಚಿದೆವು ಅಷ್ಟೇ.

ಇನ್ನೊಂದು ಮಾತು. ಲೇಬಲ್ ಹಾಕುವ ಕೆಲಸ ನಡೆಯುವಾಗ ಅವಳು ಒಮ್ಮೆ ಸ್ಟಾಫ್‌ರೂಮಿಗೆ ಬಂದಿದ್ದಳು. "ಸರ್, ಇದನ್ನ ಇನ್ನೂ ಎಷ್ಟು ದಿನ ಓದಬೇಕು?" ಅಂದಳು. ಸೋಮಾರಿತನ ಅಂದುಕೊಂಡೆ. "ಇನ್ನೊಂದು ಸಾವಿರ ಐತಲ್ಲಮ್ಮ, ಮುಗಿಸಿಬಿಡು" ಅಂದೆ. ಮೂರು ವಾರ ದಿನಾ ಸಂಜೆ ಹಾಸ್ಟೆಲ್ಲಿನಲ್ಲಿ ಕೂತು, ತನ್ನ ಅಪ್ಪ ಅಮ್ಮನನ್ನು ಬೈದ ಸಾಲುಗಳನ್ನು ಓದಿ ಅಂಕಿ ಹಾಕಿದ್ದಾಳೆ. ಕೊನೆಗೆ ಆ ಅಂಕಿಗಳನ್ನೂ ನಾನು ಬಿಸಾಕಿದೆ.

2023ರ ಜನವರಿಯಲ್ಲಿ ಟೈಮ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ಚಾಟ್‌ಜಿಪಿಟಿಯ ಬಾಯಿಂದ ಕೆಟ್ಟ ಮಾತು ಬರದಂತೆ ಮಾಡಲು ಕೀನ್ಯಾದ ಕೆಲಸಗಾರರು ಹಿಂಸೆ, ಅತ್ಯಾಚಾರದ ವಿವರಗಳನ್ನು ಓದಿ ಲೇಬಲ್ ಹಾಕುತ್ತಿದ್ದರು. ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಕೂಲಿ. ಓದಿ ನನಗೆ ಸಿಟ್ಟು ಬಂದಿತ್ತು. ತರಗತಿಯಲ್ಲಿ ಅದರ ಬಗ್ಗೆ ಭಾಷಣವನ್ನೂ ಮಾಡಿದೆ. ನಮ್ಮ ಹುಡುಗಿಗೆ ಎಷ್ಟು ಕೂಲಿ ಕೊಟ್ಟಿದ್ದೆವು ಅಂತ ಆಗ ಹೊಳೆಯಲೇ ಇಲ್ಲ. ಅವಳಿಗೆ ಆ ಕೆಲಸ ಬೇಡ ಅನ್ನುವ ದಾರಿಯೂ ಇರಲಿಲ್ಲ. ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಲ್ಲಿತ್ತು.

ಇದೇ ಊರಲ್ಲಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿ ಪಿಜಿ ವಿದ್ಯಾರ್ಥಿ ಥೀಸಿಸ್‌ಗೆ ಅಂತ ರೋಗಿಗಳಿಗೆ ನಾಲ್ಕು ಪ್ರಶ್ನೆ ಕೇಳಬೇಕಾದರೂ ಎಥಿಕ್ಸ್ ಕಮಿಟಿ ಮುಂದೆ ಹೋಗಬೇಕು. ಅದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದೆ. ಕಮಿಟಿಯಲ್ಲಿ ಕಾನೂನು ತಿಳಿದವರು, ಡಾಕ್ಟರ್ ಅಲ್ಲದ ಸಾಮಾನ್ಯರು ಕೂಡ ಇರಬೇಕು. ಅಲ್ಲಿಂದ ನಮ್ಮ ಲ್ಯಾಬಿಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ನಮ್ಮಲ್ಲಿ ನಾಲ್ಕು ಸಾವಿರ ಜನರ ಮಾತನ್ನು, ಹೆಸರಿನ ಸಮೇತ ಎಳೆದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಗಿಟ್‌ಹಬ್ ಜಾಲತಾಣಕ್ಕೆ ಹಾಕಿದರೂ ಯಾಕಪ್ಪ ಅಂತ ಕೇಳುವವರಿಲ್ಲ. ಹೌದು, ಆ ತಂಡದ ಫೈಲಿನಲ್ಲಿ ಕಾಮೆಂಟ್ ಹಾಕಿದವರ ಹೆಸರುಗಳೂ ಇದ್ದವು. ತಿಂಗಳುಗಟ್ಟಲೆ ಇದ್ದವು. ನಾನು ತೆರೆದು ನೋಡಿರಲಿಲ್ಲ.

"ಪಬ್ಲಿಕ್ ಡೇಟಾ ಸರ್" ಅನ್ನುತ್ತಾರೆ ವಿದ್ಯಾರ್ಥಿಗಳು. ಕಾನೂನೂ ಅವರ ಕಡೆಗೇ ವಾಲುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಬ್ಬರು ತಾವೇ ಬಹಿರಂಗ ಮಾಡಿದ ಮಾಹಿತಿಗೆ ಅನ್ವಯಿಸುವುದಿಲ್ಲ. ಸಂಶೋಧನೆಗೂ ಷರತ್ತಿನ ಮೇಲೆ ವಿನಾಯಿತಿ ಇದೆ. ಸರಿ. ಆದರೆ ಜಯದೇವ ಸರ್ಕಲ್ಲಿನಲ್ಲಿ ಯಾರೋ ಇಬ್ಬರು ಜಗಳ ಆಡುತ್ತಾರೆ. ಹತ್ತು ಜನ ಕೇಳುತ್ತಾರೆ, ಹೋಗುತ್ತಾರೆ. ಅದನ್ನು ನಾನು ರೆಕಾರ್ಡ್ ಮಾಡಿ, ಅವರ ಹೆಸರು ಬರೆದು, 'ಕೆಟ್ಟ ಬಾಯಿಯವರು' ಅಂತ ಚೀಟಿ ಅಂಟಿಸಿ, ಜಗತ್ತಿನ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟರೆ? ಕೇಸು ಬೀಳುತ್ತೋ ಇಲ್ಲವೋ ಗೊತ್ತಿಲ್ಲ. ಬೆನ್ನಿಗೆ ನಾಲ್ಕು ಗುದ್ದು ಅಂತೂ ಗ್ಯಾರಂಟಿ.

ಈಗ ಮಂಡಕ್ಕಿ ಭಟ್ಟಿಯ ವಿಷಯ. ಹಿಂದಿನ ವರ್ಷದ ಇನ್ನೊಂದು ತಂಡ ಧ್ವನಿ ಗುರುತಿಸುವ ಪ್ರಾಜೆಕ್ಟ್ ತೆಗೆದುಕೊಂಡಿತ್ತು. ಟಿವಿ ಕನ್ನಡ ಬೇಡ, ನಮ್ಮೂರ ಮಾತು ಬೇಕು ಅಂತ ಅವರ ಹಟ. ನನಗೂ ಇಷ್ಟವಾಯಿತು. ದಾವಣಗೆರೆಯ ಮಾತಿನಲ್ಲಿ ಉತ್ತರದ 'ರೀ' ಕೂಡ ಇದೆ, ದಕ್ಷಿಣದ 'ಕಣೋ' ಕೂಡ ಇದೆ. ಮೊಳಕಾಲ್ಮೂರಿನಿಂದ ಬಂದ ಹುಡುಗ ಮಾತಾಡಿದರೆ ತೆಲುಗಿನ ಎಳೆ ಕೇಳುತ್ತದೆ. ಫೋನುಗಳಿಗೆ ಇದ್ಯಾವುದೂ ಅರ್ಥ ಆಗುವುದಿಲ್ಲ. ಹುಡುಗರು ಭಟ್ಟಿಗೆ ಹೋದರು. ಹೊಗೆ, ಬಿಸಿ, ಗದ್ದಲ. ಹೊರಗೆ ಜಗಲಿ ಮೇಲೆ ಕೂರಿಸಿ ಹೆಂಗಸರ ಮಾತು ರೆಕಾರ್ಡ್ ಮಾಡಿದರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡರು. ಪತ್ರ ಇಂಗ್ಲಿಷಿನಲ್ಲಿತ್ತು. ನೆಟ್ಟಿನಿಂದ ಇಳಿಸಿದ್ದು.

ಅಲ್ಲಿ ಒಬ್ಬ ಅಮ್ಮ ಕೇಳಿದರಂತೆ: "ಏನ್ ಮಾಡ್ತೀರಪ್ಪಾ ನಮ್ ಮಾತ್ ತಗಂಡು?" ಇವರು ಏನೋ ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದರು. "ನಾಳೆ ನಂಗೆ ಬ್ಯಾಡ ಅನ್ಸಿದ್ರೆ ಅಳಿಸ್ತೀರೇನು ತಮ್ಮಾ?"

ಹುಡುಗರು ಹೂಂ ಅಂದು ಬಂದರು. ಬಂದವರು ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಡ್ರೈವಿನಿಂದ ಫೈಲ್ ಅಳಿಸಬಹುದು. ಅದನ್ನು ಇಳಿಸಿಕೊಂಡವರ ಲ್ಯಾಪ್‌ಟಾಪಿನಿಂದ ಅಳಿಸೋಕೆ ಆಗುತ್ತಾ? ಆ ಧ್ವನಿ ಕೇಳಿ ಕಲಿತ ಮಾಡೆಲ್ಲಿನ ಒಳಗಿಂದ ಅವರೊಬ್ಬರ ಧ್ವನಿಯನ್ನು ಹೆಕ್ಕಿ ತೆಗೆಯುವುದು ಇವತ್ತಿಗೂ ಸಂಶೋಧನೆಯ ವಿಷಯವೇ. ಮಂಡಕ್ಕಿಯನ್ನು ಮತ್ತೆ ಭತ್ತ ಮಾಡಿ ಅಂದ ಹಾಗೆ. ಇದನ್ನು ಆ ಅಮ್ಮನಿಗೆ ಅವರ ಮಾತಿನಲ್ಲೇ ಹೇಳಬಹುದಿತ್ತು. "ಒಮ್ಮೆ ಹುರಿದ ಮೇಲೆ ವಾಪಸ್ ಆಗಲ್ಲಮ್ಮ, ಯೋಚನೆ ಮಾಡಿ" ಅಂತ. ಅದು ಒಪ್ಪಿಗೆ ಕೇಳುವ ರೀತಿ. ಆಗಲೇ ಹೇಳಿದ 2023ರ ಕಾಯ್ದೆಯಲ್ಲೂ ಒಂದು ಒಳ್ಳೆ ಮಾತಿದೆ. ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು, ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಅಂದರೆ ಕನ್ನಡದಲ್ಲಿ ಕೇಳಬೇಕು.

ನ್ಯಾಮತಿ ಕಡೆಯ ತಾಂಡಾಕ್ಕೆ ಹೋದರೆ ಅದೂ ಸಾಲದು. ಲಂಬಾಣಿಗರ ಗುರು ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ನಮ್ಮ ಜಿಲ್ಲೆಯಲ್ಲೇ. ಆದರೆ ಲಂಬಾಣಿ ಆ 22ರಲ್ಲಿ ಇಲ್ಲ. 2011ರ ಜನಗಣತಿ ಅದನ್ನು ಹಿಂದಿಯ ಬುಟ್ಟಿಗೆ ಹಾಕಿ ಎಣಿಸಿದೆ. ಅಲ್ಲಿನ ಅಜ್ಜಿಗೆ ಯಾವ ಭಾಷೆಯಲ್ಲಿ ಒಪ್ಪಿಗೆ ಕೇಳುತ್ತೀರಿ? ಹಿಂದಿಯಲ್ಲಾ?

ಇದೆಲ್ಲ ಕೇಳಿ ಕೆಲವು ಸಹೋದ್ಯೋಗಿಗಳು ಒಂದು ಸುಲಭದ ದಾರಿ ಹೇಳುತ್ತಾರೆ. ಎಲ್ಲರ ಹೆಸರೂ ತೆಗೆದುಬಿಡಿ, ಮುಗಿಯಿತು. ಇಲ್ಲ, ಅಲ್ಲೂ ತೊಡಕಿದೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಹಾಡು ಅವರ ಬಾಯಲ್ಲಿತ್ತು, ನಾಡೋಜ ಗೌರವವೂ ಸಿಕ್ಕಿತು. ನಮ್ಮ ಜಾನಪದ ಸಂಗ್ರಹಕಾರರು ಹಾಡಿನ ಜೊತೆ ಹಾಡಿದವರ ಹೆಸರು, ಊರು ಬರೆದಿಡುತ್ತಿದ್ದರು. 'ವಕ್ತೃ' ಅಂತ ಅದಕ್ಕೆ ಒಂದು ಪದವೇ ಇದೆ. ಈಗ ನಮ್ಮ ವಿದ್ಯಾರ್ಥಿ ಗೊಲ್ಲರಹಟ್ಟಿಗೆ ಹೋಗಿ ಕಾಡುಗೊಲ್ಲರ ದೈವ ಜುಂಜಪ್ಪನ ಕಥನ ರೆಕಾರ್ಡ್ ಮಾಡಿ 'ಸ್ಪೀಕರ್ 07' ಅಂತ ಹೆಸರಿಟ್ಟರೆ, ಅದು ಗೌಪ್ಯತೆಯೋ ಕಳವೋ? ಸಿಟ್ಟಿನಲ್ಲಿ ಕಾಮೆಂಟ್ ಹಾಕಿದವರ ಹೆಸರು ಮುಚ್ಚಬೇಕು. ಹಾಡಿದವರ ಹೆಸರು ಬರೆಯಬೇಕು. ಯಾವುದು ಯಾವಾಗ ಅಂತ ಅವರನ್ನೇ ಕೇಳಬೇಕು. ಕೋಡಿನಲ್ಲಿ ಒಂದು ಸಾಲು ಬರೆದು ಬಗೆಹರಿಸುವ ಪ್ರಶ್ನೆ ಅಲ್ಲ ಇದು.

ಪಾಠದ ವಿಷಯಕ್ಕೆ ಬರುತ್ತೇನೆ. ನಾನು ಮಾಡುವ ಪಠ್ಯಕ್ರಮದಲ್ಲಿ ನೀತಿಯ ಪ್ರಶ್ನೆಗಳಿಗೆ ಜಾಗ ಇದೆ. ಐದನೇ ಮಾಡ್ಯೂಲಿನ ಕೊನೆಯ ಅರ್ಧ ಸಾಲು. ಸೆಮಿಸ್ಟರಿನ ಕೊನೆಯ ವಾರ, ಹಾಲ್ ಟಿಕೆಟ್ ಗಡಿಬಿಡಿಯಲ್ಲಿ ಅದು ಬರುತ್ತದೆ. "ಇದು ಓದಿಕೊಳ್ಳಿ" ಅಂತ ಹೇಳಿ ಮುಗಿಸುತ್ತೇವೆ. ನಾನೂ ಹಾಗೇ ಮುಗಿಸಿದ್ದೇನೆ, ಎಷ್ಟೋ ವರ್ಷ.

ಈಗ ಮೊದಲ ವಾರವೇ ಒಂದು ಆಟ ಆಡಿಸುತ್ತೇನೆ. ಸಚಿವರು ಬಂದರು, ಡಾಕ್ಟರ್ ಬಂದರು, ಕಸ ಗುಡಿಸುವವರು ಬಂದರು. ಈ ಮೂರನ್ನೂ ಇಂಗ್ಲಿಷಿನಲ್ಲಿ ಬರೆಸಿ, ಒಂದು ಅನುವಾದದ ಆ್ಯಪಿಗೆ ಕೊಟ್ಟು ಕನ್ನಡಕ್ಕೆ ತರಿಸುತ್ತೇನೆ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ 'ಕೇಮ್'. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗಲ್ಲ. ಬಂದನು, ಬಂದಳು, ಬಂದರು ಅಂತ ಆರಿಸಲೇಬೇಕು. ನಾವು ನೋಡಿದಾಗ ಸಚಿವರು 'ಬಂದರು', ಡಾಕ್ಟರ್ 'ಬಂದರು', ಗುಡಿಸುವವನು 'ಬಂದನು'. ತರಗತಿ ನಗುತ್ತದೆ. ಆಗ ಹಳೇ ದಿನಪತ್ರಿಕೆ ಹಂಚಿ, ಪೆನ್ಸಿಲ್ ಕೊಡುತ್ತೇನೆ. ಯಾರು 'ಮೃತಪಟ್ಟಿದ್ದಾನೆ', ಯಾರು 'ನಿಧನರಾಗಿದ್ದಾರೆ' ಅಂತ ಗುರುತು ಹಾಕಿ ಅನ್ನುತ್ತೇನೆ. ಹತ್ತು ನಿಮಿಷದಲ್ಲಿ ನಗು ನಿಲ್ಲುತ್ತದೆ. ಯಂತ್ರ ಕಲಿತದ್ದು ನಮ್ಮಿಂದಲೇ.

ಇಂಗ್ಲಿಷಿನವರು ಇದನ್ನು 2016ರಲ್ಲೇ ತೋರಿಸಿದ್ದರು. ಪತ್ರಿಕೆಯ ಸುದ್ದಿ ಓದಿ ಯಂತ್ರ ಕಲಿತ ಪದಗಳ ಲೆಕ್ಕದಲ್ಲಿ ಗಂಡಸಿಗೆ ಪ್ರೋಗ್ರಾಮರ್ ಹೇಗೋ ಹೆಂಗಸಿಗೆ ಗೃಹಿಣಿ ಹಾಗೆ ಅಂತ ಬಂದಿತ್ತು. ಅದನ್ನು ನಾವು ಪಾಠ ಮಾಡುತ್ತೇವೆ, ಪರೀಕ್ಷೆಯಲ್ಲೂ ಕೇಳುತ್ತೇವೆ. ಆದರೆ ನಮ್ಮಲ್ಲಿ ಗಂಡು ಹೆಣ್ಣಿನ ಜೊತೆ ಏಕವಚನ ಬಹುವಚನದ ಸಮಸ್ಯೆಯೂ ಇದೆ. ಯಾರನ್ನು 'ಅವನು' ಅನ್ನುತ್ತೇವೆ, ಯಾರನ್ನು 'ಅವರು' ಅನ್ನುತ್ತೇವೆ ಅನ್ನುವುದರಲ್ಲಿ ಜಾತಿ ಇದೆ, ದುಡ್ಡಿದೆ, ವಯಸ್ಸಿದೆ. ಇದನ್ನು ಅಮೆರಿಕದವರು ಬಂದು ಅಳೆದುಕೊಡುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಬೇಕಾ?

"ಸಣ್ಣ ಊರಿನ ಪ್ರಾಜೆಕ್ಟ್ ಮಾರಾಯ್ರೇ, ಇದರಿಂದ ಯಾರಿಗೆ ಏನಾಗುತ್ತೆ?" ಅಂತ ಒಬ್ಬರು ಹಿರಿಯರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು. ಇಂಗ್ಲಿಷಿಗೆ ಸಮುದ್ರದಷ್ಟು ಡೇಟಾ ಇದೆ. ಕನ್ನಡಕ್ಕೆ ಇರುವುದು ಊರ ಮುಂದಿನ ಕಟ್ಟೆಯಷ್ಟು. ಕನ್ನಡ ಕಾಮೆಂಟುಗಳ ಒಂದು ಪ್ರಸಿದ್ಧ ಸಂಗ್ರಹ 2020ರಲ್ಲಿ ಬಂತು. ಅದರಲ್ಲಿರುವುದು ಏಳು ಸಾವಿರದ ಚಿಲ್ಲರೆ ಯೂಟ್ಯೂಬ್ ಕಾಮೆಂಟ್. ಇಷ್ಟು ಚಿಕ್ಕ ಕಟ್ಟೆಗೆ ನಾವು ನಾಲ್ಕು ಸಾವಿರ ಕೊಡ ಸುರಿದರೆ ನೀರಿನ ಬಣ್ಣ ಬದಲಾಗುತ್ತದೆ. ಕುಡಿಯುವವರು ಎಲ್ಲೆಲ್ಲೋ ಇರುತ್ತಾರೆ.

2025ರ ಜುಲೈ ನೆನಪಿದೆಯಾ? ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿತ್ತು. ಫೇಸ್‌ಬುಕ್ಕಿನ ಕಂಪನಿ ಮೆಟಾದ, ತಾನೇ ಅನುವಾದ ಮಾಡುವ ಯಂತ್ರ ಅದನ್ನು ಇಂಗ್ಲಿಷಿಗೆ ತಂದಾಗ ತೀರಿಕೊಂಡವರು ಸಿದ್ದರಾಮಯ್ಯನವರೇ ಆಗಿಬಿಟ್ಟಿದ್ದರು. ಅವರ ಕಚೇರಿಯಿಂದ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು. ನಾವೂ ಒಂದೆರಡು ದಿನ ನಕ್ಕೆವು. ಮುಖ್ಯಮಂತ್ರಿಯ ಪರವಾಗಿ ಪತ್ರ ಬರೆಯಲು ಒಂದು ಕಚೇರಿ ಇದೆ. 2017ರಲ್ಲಿ ಪ್ಯಾಲೆಸ್ತೀನಿನ ಒಬ್ಬ ಕಟ್ಟಡ ಕೆಲಸಗಾರ ಫೇಸ್‌ಬುಕ್ಕಿನಲ್ಲಿ ಅರಬ್ಬಿಯಲ್ಲಿ ಶುಭೋದಯ ಅಂತ ಬರೆದಿದ್ದ. ಯಂತ್ರ ಅದನ್ನು ಹೀಬ್ರೂಗೆ 'ಅವರ ಮೇಲೆ ದಾಳಿ ಮಾಡಿ' ಅಂತ ತಂದಿತು. ಇಸ್ರೇಲಿನ ಪೊಲೀಸರು ಹಿಡಿದುಕೊಂಡು ಹೋಗಿ ಗಂಟೆಗಟ್ಟಲೆ ವಿಚಾರಿಸಿದರು. ಅವನಿಗೆ ಕಚೇರಿ ಇರಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟ, ಅದಕ್ಕೆ ಹತ್ತು ಮಾರ್ಕ್ಸ್. ಮಾರ್ಕ್ಸ್ ಇಲ್ಲದಿದ್ದರೆ ಹುಡುಗರು ಬರೆಯಲ್ಲ, ನಾವೂ ಓದಲ್ಲ, ನಿಜ ಹೇಳೋಣ. ಆ ಪುಟದಲ್ಲಿ ಇದು ಯಾರ ಮಾತು, ಯಾವ ಊರಿನ ಕನ್ನಡ, ಅವರನ್ನು ಯಾವ ಭಾಷೆಯಲ್ಲಿ ಕೇಳಿದಿರಿ, ಲೇಬಲ್ ಹಾಕಿದವರು ಯಾರು, ಅವರಿಗೆ ಏನು ಕೊಟ್ಟಿರಿ, ಅವರು ಒಪ್ಪದೇ ಇದ್ದಾಗ ಏನು ಮಾಡಿದಿರಿ ಅಂತ ಇರಬೇಕು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 2018ರಲ್ಲಿ ಎಮಿಲಿ ಬೆಂಡರ್, ಬಾಟ್ಯಾ ಫ್ರೀಡ್‌ಮನ್ ಅನ್ನುವ ಇಬ್ಬರು ಇಂಥದ್ದೇ ಪುಟವನ್ನು ಸೂಚಿಸಿದ್ದರು. ಈ ಕ್ಷೇತ್ರದ ಸಂಶೋಧಕರ ಜಾಗತಿಕ ಸಂಘ ಎಸಿಎಲ್ 2020ರಲ್ಲಿ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. ಈಗ ಅಲ್ಲಿಗೆ ಪೇಪರ್ ಕಳಿಸಿದರೆ ಲೇಬಲ್ ಹಾಕಿದವರಿಗೆ ಎಷ್ಟು ಕೊಟ್ಟಿರಿ ಅಂತಲೂ ಕೇಳುತ್ತಾರೆ. ನಮ್ಮ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವುದು ಒಂದೇ, "ಅಕ್ಯುರಸಿ ಎಷ್ಟು ಬಂತು?"

ಕೂಲಿ ಕೊಡುವುದು ಆಗದ ಮಾತು ಅನ್ನಬೇಡಿ. ಬೆಂಗಳೂರಿನ 'ಕಾರ್ಯ' ಅನ್ನುವ ಸಂಸ್ಥೆ ಚಾಮರಾಜನಗರ ಕಡೆಯ ಹಳ್ಳಿಯವರಿಂದ ಕನ್ನಡ ಧ್ವನಿ ಸಂಗ್ರಹಿಸುವಾಗ ಗಂಟೆಗೆ ಸುಮಾರು 5 ಡಾಲರ್ ಕೊಟ್ಟದ್ದು 2023ರಲ್ಲಿ ಸುದ್ದಿಯಾಗಿತ್ತು. ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ಗೊತ್ತು. ಭಟ್ಟಿಯ ಅಮ್ಮನಿಗೆ ಒಂದು ದಿನದ ಕೂಲಿ ಕೊಡುವಷ್ಟಂತೂ ಇದೆ. ಕಾಲೇಜಿನ ಫೆಸ್ಟಿಗೆ ಎಷ್ಟು ಖರ್ಚು ಮಾಡುತ್ತೇವೆ ಅಂತ ನಿಮಗೂ ಗೊತ್ತು.

ಇನ್ನೊಂದು, ಊರಿನ ಕಾಲೇಜುಗಳೆಲ್ಲ ಸೇರಿ ಒಂದು ಸಣ್ಣ ಸಮಿತಿ ಮಾಡಿಕೊಳ್ಳಬಹುದು. ಮೆಡಿಕಲ್ ಕಾಲೇಜಿನಿಂದ ಒಬ್ಬರು, ಕನ್ನಡ ವಿಭಾಗದ ಒಬ್ಬರು, ವಕೀಲರೊಬ್ಬರು, ಕಾಲೇಜಿನ ಮೆಟ್ಟಿಲನ್ನೇ ಹತ್ತದವರೊಬ್ಬರು. ತಿಂಗಳಿಗೊಮ್ಮೆ ಬೆಣ್ಣೆ ದೋಸೆ ತಿನ್ನುತ್ತಾ ಕೂತರೂ ಕೆಲಸ ಆಗುತ್ತದೆ. ಸಂಜೆ ಹೊತ್ತಾದರೆ ಮಿರ್ಚಿ ಮಂಡಕ್ಕಿ.

ಮತ್ತೆ, ಎಲ್ಲ ಕಾಲಂಗಳನ್ನೂ ಉಳಿಸಿ. ಬಹುಮತದ ಒಂದು ಕಾಲಂ ಮಾತ್ರ ಇಟ್ಟು ಉಳಿದದ್ದು ಅಳಿಸಬೇಡಿ. ಮೂವರಲ್ಲಿ ಒಬ್ಬರು 1 ಅಂದಿದ್ದರೆ ಆ 1 ಫೈಲಿನಲ್ಲಿ ಇರಲಿ. ಮುಂದೆ ಬಳಸುವವರಿಗೆ ಇಲ್ಲಿ ಒಬ್ಬರು ಒಪ್ಪಿರಲಿಲ್ಲ ಅಂತಾದರೂ ಗೊತ್ತಾಗಲಿ. ಇದಕ್ಕೆ ದುಡ್ಡೂ ಬೇಡ, ಸಮಿತಿಯೂ ಬೇಡ, ಸುಮ್ನೆ ಡಿಲೀಟ್ ಒತ್ತದೇ ಇದ್ದರಾಯಿತು.

ಈ ಪತ್ರ ಬರೆಯುವ ಮೊದಲು ಆ ಹುಡುಗಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೀಗೆ ಬರೆಯಬೇಕು ಅಂದುಕೊಂಡಿದ್ದೇನೆ, ಬರೆಯಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರೀರಿ ಸರ್. ನನ್ನ ಹೆಸರು ಬೇಡ, ಊರು ಬೇಡ, ಆ ಪದ ಮಾತ್ರ ಬೇಡವೇ ಬೇಡ" ಅಂದಳು. ಮೂರನ್ನೂ ಬರೆದಿಲ್ಲ. ಬರೆದದ್ದನ್ನು ಅವಳಿಗೆ ಕಳಿಸಿ, ಅವಳು ಹೇಳಿದ ಎರಡು ವಾಕ್ಯ ತೆಗೆದಿದ್ದೇನೆ.

ಹಳೇ ಫೈಲ್ ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ, ಅವಳ ಕಾಲಂ ಸಮೇತ. ನಿಮ್ಮ ಸಭೆಗೆ ಅದನ್ನು ತಂದು ತೋರಿಸಬಹುದಾ ಅಂತಲೂ ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಅಂದಿದ್ದಾಳೆ. ಹೂಂ ಅಂದರೆ ತರುತ್ತೇನೆ.

ಇಂತಿ ನಿಮ್ಮ,
ಒಬ್ಬ ಪ್ರಾಜೆಕ್ಟ್ ಗೈಡ್
ದಾವಣಗೆರೆ